ಹುಬ್ಬಳ್ಳಿಯ ಗಿರಾಕಿಗೆ 800 ಕಿಲೋಮೀಟರ್: ಗಾಡಿ ತೆಗೆಯುವ ಮೊದಲು ಹಾಕಬೇಕಾದ ಲೆಕ್ಕ

ಡೀಸೆಲ್ ರಸೀದಿ ಮತ್ತು ಟೋಲ್ ಕಟ್ ಆದ ಮೆಸೇಜು, ಇವೆರಡನ್ನು ಕೂಡಿಸಿ ‘ಹುಬ್ಬಳ್ಳಿಗೆ ಹೋಗಿಬರೋಕೆ ಐದು ಸಾವಿರ ಆಯ್ತು’ ಅನ್ನುವುದು ಸಣ್ಣ ಉದ್ಯಮಗಳಲ್ಲಿ ನಡೆಯುವ ಲೆಕ್ಕ. ಅದು ನಿಜವಾದ ಖರ್ಚಿನ ಕಾಲು ಭಾಗವನ್ನೂ ಮುಟ್ಟುವುದಿಲ್ಲ. ಉಳಿದ ಮುಕ್ಕಾಲು ಭಾಗಕ್ಕೆ ಯಾರೂ ರಸೀದಿ ಕೊಡುವುದಿಲ್ಲವಾದ್ದರಿಂದ ಅದು ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಉದಾಹರಣೆ ಹಿಡಿಯೋಣ. ಪೀಣ್ಯದಲ್ಲಿ ಏರ್ ಕಂಪ್ರೆಸರ್ ಮಾರಾಟ, ಸರ್ವಿಸ್ ಮಾಡುವ ಮೂರ್ನಾಲ್ಕು ಜನರ ಘಟಕ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ಒಬ್ಬ ಗಿರಾಕಿ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ ದಾಟಿ ಒಂದು ಕಡೆಗೆ ಸುಮಾರು 400 ಕಿ.ಮೀ. ಊರೊಳಗಿನ ಓಡಾಟವೂ ಸೇರಿ ಹೋಗಿಬರಲು 820 ಎಂದಿಟ್ಟುಕೊಳ್ಳಿ. ಮುಂದಿನ ಮೊತ್ತಗಳೆಲ್ಲ ಲೆಕ್ಕದ ದಾರಿ ತೋರಿಸಲು ಹಿಡಿದವು. ನಿಮ್ಮ ಗಾಡಿಯ, ನಿಮ್ಮ ಊರಿನ ಅಂಕಿಗಳನ್ನು ಆ ಜಾಗದಲ್ಲಿ ಹಾಕಿಕೊಳ್ಳಿ.

ಒಂದು ಕಿಲೋಮೀಟರಿಗೆ ಎಷ್ಟು

ಮೊದಲು ಇಂಧನ. ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜನ್ನು ನಂಬಬೇಡಿ. ಟ್ಯಾಂಕ್ ತುಂಬಿಸಿ ಓಡೋಮೀಟರ್ ಬರೆದುಕೊಳ್ಳಿ, ಮುಂದಿನ ಸಲ ಮತ್ತೆ ತುಂಬಿಸಿದಾಗ ಓಡಿದ ದೂರವನ್ನು ಹಿಡಿಸಿದ ಲೀಟರಿನಿಂದ ಭಾಗಿಸಿ. ಎರಡು ಮೂರು ಸಲ ಮಾಡಿದರೆ ನಿಜ ಹೊರಬೀಳುತ್ತದೆ. ಡೀಸೆಲ್ ಕಾರು 18 ಕೊಟ್ಟು, ಡೀಸೆಲ್ ಲೀಟರಿಗೆ 90 ರೂ. ಇದ್ದರೆ ಕಿ.ಮೀ.ಗೆ 5 ರೂ.

ನಾಲ್ಕು ಟೈರಿಗೆ 26,000 ರೂ., ಬಾಳಿಕೆ 40,000 ಕಿ.ಮೀ. ಎಂದರೆ 65 ಪೈಸೆ. ಪ್ರತಿ 10,000 ಕಿ.ಮೀ.ಗೆ 8,000 ರೂ.ಗಳ ಸರ್ವಿಸ್ ಎಂದರೆ 80 ಪೈಸೆ. ಬ್ರೇಕ್ ಪ್ಯಾಡ್, ಕ್ಲಚ್, ಬ್ಯಾಟರಿ, ಸಸ್ಪೆನ್ಷನ್‌ಗೆ ಇನ್ನೊಂದು 70 ಪೈಸೆ ತೆಗೆದಿಡಿ.

ಎಲ್ಲರೂ ಬಿಡುವುದು ಗಾಡಿಯ ಬೆಲೆ ಇಳಿಯುವ ಲೆಕ್ಕವನ್ನು. 12 ಲಕ್ಷಕ್ಕೆ ಕೊಂಡ ಕಾರು ಐದು ವರ್ಷ, ಒಂದೂವರೆ ಲಕ್ಷ ಕಿ.ಮೀ. ಓಡಿ 4 ಲಕ್ಷಕ್ಕೆ ಹೋದರೆ ಕರಗಿದ್ದು 8 ಲಕ್ಷ, ಅಂದರೆ ಕಿ.ಮೀ.ಗೆ 5.33 ರೂ. ಮನೆಗೂ ಬೇಕಾಗಿ ಕೊಂಡ ಕಾರಾದರೆ, ಓಡಿಸದೆ ನಿಲ್ಲಿಸಿದರೂ ವಯಸ್ಸಿಗೆ ಒಂದಿಷ್ಟು ಬೆಲೆ ಹೇಗೂ ಬೀಳುತ್ತದೆ. ಹಾಗಾಗಿ ಅರ್ಧಕ್ಕೆ ಹತ್ತಿರದ 2.50 ಹಿಡಿದರೆ ಸಾಕು. ಈ ಓಡಾಟಕ್ಕೆಂದೇ ಗಾಡಿ ಕೊಳ್ಳುತ್ತಿದ್ದರೆ ಮಾತ್ರ ಪೂರ್ತಿ 5.33, ಅದರ ಮೇಲೆ ವಿಮೆಯನ್ನೂ ಸೇರಿಸಬೇಕು.

ಒಟ್ಟು 9.65 ರೂ. 820 ಕಿ.ಮೀ.ಗೆ 7,900 ದಾಟಿತು.

ಟೋಲಿಗೆ ಎರಡೂ ಕಡೆ ಸೇರಿ 1,000 ಇಡಿ. ರಾಷ್ಟ್ರೀಯ ಹೆದ್ದಾರಿಯ ಟೋಲಿನಲ್ಲಿ 24 ಗಂಟೆಯೊಳಗೆ ಮರಳಿದರೆ ಹೋಗಿಬರುವುದಕ್ಕೆ ಎರಡು ಪಟ್ಟಿನ ಬದಲು ಒಂದೂವರೆ ಪಟ್ಟು ಮಾತ್ರ. ರಾತ್ರಿ ತಂಗಿದರೆ ಬೆಂಗಳೂರಿನ ಹತ್ತಿರದ ಟೋಲ್‌ಗಳಲ್ಲಿ ಆ ರಿಯಾಯಿತಿ ಕೈತಪ್ಪುತ್ತದೆ. 2025ರ ಆಗಸ್ಟ್ 15ರಂದು 3,000 ರೂ.ಗೆ ಶುರುವಾದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಒಂದು ವರ್ಷ ಅಥವಾ 200 ದಾಟು, ಯಾವುದು ಮೊದಲೋ ಅಲ್ಲಿಯವರೆಗೆ. ಒಂದು ಕಡೆಗೆ ಏಳು ಟೋಲ್ ಎಂದಿಟ್ಟುಕೊಂಡರೆ 14 ಸುತ್ತಿಗೆ ಸಾಲುತ್ತದೆ, ನಾಲ್ಕನೇ ಸುತ್ತಿಗೇ ದುಡ್ಡು ಹುಟ್ಟುತ್ತದೆ. ಆದರೆ ಅದು ಬಿಳಿ ಬೋರ್ಡಿನ ಕಾರು, ಜೀಪು, ವ್ಯಾನಿಗೆ ಮಾತ್ರ. ರಾಜ್ಯ ಹೆದ್ದಾರಿಯ ಟೋಲಿಗೆ ನಡೆಯುವುದಿಲ್ಲ.

ಒಂದು ರಾತ್ರಿಯ ಲಾಡ್ಜು, ಊಟ ತಿಂಡಿ: 2,600. ಕೈಯಿಂದ ಹೋಗುವುದು ಇಲ್ಲಿಗೆ 11,500.

ಸ್ಟಿಯರಿಂಗ್ ಹಿಡಿದ ಗಂಟೆಯ ಬೆಲೆ

ತಿಂಗಳಿಗೆ ಎಲ್ಲ ಖರ್ಚು ಕಳೆದು 1,20,000 ಉಳಿಯುತ್ತದೆ ಎಂದುಕೊಳ್ಳಿ. ಇದನ್ನು ತಿಂಗಳ 240 ಗಂಟೆಗೆ ಭಾಗಿಸುವುದು ತಪ್ಪು. ಫೋನು, ಬ್ಯಾಂಕು, ಕಾಯುವುದು ಎಲ್ಲ ಬಿಟ್ಟು ನಿಜವಾಗಿ ದುಡ್ಡು ತರುವ ಗಂಟೆ 150 ಸಿಕ್ಕರೆ ಹೆಚ್ಚು. ಅಂದರೆ ಗಂಟೆಗೆ 800. ಒಂದು ಕಡೆಗೆ ಏಳೂವರೆ ಗಂಟೆ, ಹೋಗಿಬರಲು 15 ಗಂಟೆ: 12,000 ರೂ.

ಕೆಲಸ ಕಡಿಮೆ ಇರುವ ತಿಂಗಳಲ್ಲಿ ಈ ದರವನ್ನು ಇಳಿಸಬಹುದು, ಹೇಗೂ ಆ ಗಂಟೆಗಳಲ್ಲಿ ಬೇರೇನೂ ದುಡಿಯುತ್ತಿರಲಿಲ್ಲ. ಆದರೆ ಸೊನ್ನೆ ಮಾಡಬೇಡಿ. 15 ಗಂಟೆ ಗಾಡಿ ಓಡಿಸಿ ಬಂದ ಮರುದಿನ ಯಾರೂ ಪೂರ್ತಿ ಕೆಲಸ ಮಾಡುವುದಿಲ್ಲ.

ಎಲ್ಲ ಸೇರಿ 23,500. ಈಗ ಹುಬ್ಬಳ್ಳಿಯ ಸರ್ವಿಸ್ ಬಿಲ್ 25,000 ಎಂದುಕೊಳ್ಳಿ. ಆಯಿಲ್, ಫಿಲ್ಟರ್, ಸೆಪರೇಟರ್‌ಗೆ (ಗಾಳಿಯಿಂದ ಆಯಿಲ್ ಬೇರ್ಪಡಿಸುವ ಭಾಗ) 10,000 ಹೋದರೆ ಉಳಿಯುವುದು 15,000. ಸುತ್ತಿಗೆ 8,500 ನಷ್ಟ, ಅದೂ ಗಿರಾಕಿ ಹೇಳಿದ ದಿನ ದುಡ್ಡು ಹಾಕಿದರೆ. ಹೊಸ ಯಂತ್ರದ ಮಾರಾಟಕ್ಕೆ ಹೋಗುತ್ತಿದ್ದರೆ ಸಿಗಬಹುದಾದ ಲಾಭವನ್ನು ಆರ್ಡರ್ ಆಗುವ ಸಾಧ್ಯತೆಯಿಂದ ಗುಣಿಸಿ ನೋಡಿ. 60,000 ಲಾಭದ ಯಂತ್ರ, ಮೂರು ಕೊಟೇಶನ್‌ಗೆ ಒಂದು ಆರ್ಡರ್ ಆಗುವ ವ್ಯಾಪಾರ ಎಂದರೆ ಈ ಭೇಟಿಯ ಬೆಲೆ 20,000. ಅದೂ ಗಿಟ್ಟುವುದಿಲ್ಲ. ಅಂಥ ಕಡೆ ಮೊದಲ ಮಾತುಕತೆ ವಾಟ್ಸಾಪ್ ವಿಡಿಯೊ ಕಾಲ್‌ನಲ್ಲೇ ಮುಗಿಯಲಿ. ಬೆಲೆ ಒಪ್ಪಿ, ಸೈಟ್ ನೋಡಿ ಅಡ್ವಾನ್ಸ್ ಕೊಡುತ್ತೇನೆ ಅಂದಾಗ ಹೊರಡಿ.

ದೂರಕ್ಕಿಂತ ನಿಲುಗಡೆ ಮುಖ್ಯ

ಹಾಗಾದರೆ ದೂರದ ಗಿರಾಕಿಗಳನ್ನು ಬಿಟ್ಟುಬಿಡಬೇಕೆ? ಇಲ್ಲ. ಒಬ್ಬನಿಗಾಗಿ ಹೋಗುವುದನ್ನು ಬಿಡಬೇಕು. ದಾವಣಗೆರೆಯ ಗಿರಾಕಿಯನ್ನೇ ನೋಡಿ. ಅವರಿಗಾಗಿಯೇ ಪೀಣ್ಯದಿಂದ ಹೊರಟರೆ 500 ಕಿ.ಮೀ.ಗೆ 4,825, ಟೋಲ್ 600, ಒಂಬತ್ತು ಗಂಟೆಗೆ 7,200, ಒಟ್ಟು 12,600 ದಾಟುತ್ತದೆ. ಅದೇ ಹುಬ್ಬಳ್ಳಿಗೆ ಹೋಗುವ ದಾರಿಯಲ್ಲಿ ಬೈಪಾಸ್ ಬಿಟ್ಟು ಊರೊಳಗೆ ಹೋಗಿ ಮತ್ತೆ ಹೆದ್ದಾರಿ ಸೇರಲು 12 ಕಿ.ಮೀ. ಮತ್ತು 40 ನಿಮಿಷ. ಖರ್ಚು 650 ರೂ. ಗಿರಾಕಿ ಅವರೇ, ಕೆಲಸವೂ ಅದೇ.

ಹಾಗಾಗಿ ತಿಂಗಳಿಗೆ ಒಂದು ‘ಹುಬ್ಬಳ್ಳಿ ಲೈನ್’ ದಿನ ಗೊತ್ತುಮಾಡಿ, ಆ ದಾರಿಯ ಎಲ್ಲರಿಗೂ ಮೊದಲೇ ತಿಳಿಸಿ. ಒಂದು ಮಾದರಿ: ಬೆಳಿಗ್ಗೆ 5ಕ್ಕೆ ಪೀಣ್ಯ ಬಿಟ್ಟು 8.30ರ ಹೊತ್ತಿಗೆ ಚಿತ್ರದುರ್ಗ, ಅಲ್ಲಿ ಎರಡು ಗಂಟೆ. 11.45ಕ್ಕೆ ದಾವಣಗೆರೆ, ಎರಡು ಗಂಟೆ ಮತ್ತು ಊಟ. 3.30ಕ್ಕೆ ರಾಣೆಬೆನ್ನೂರು ಅಥವಾ ಹಾವೇರಿಯಲ್ಲಿ ಒಂದು ಸಣ್ಣ ಕೆಲಸ. ಕತ್ತಲಾಗುವ ಹೊತ್ತಿಗೆ ಹುಬ್ಬಳ್ಳಿ. ಮರುದಿನ 9ರಿಂದ 1ರವರೆಗೆ ದೊಡ್ಡ ಕೆಲಸ, ಊಟ ಮಾಡಿ ನೇರ ಬೆಂಗಳೂರು. ದಾರಿಯ ಮೂರು ನಿಲುಗಡೆಗೆ ಸುಮಾರು 2,000 ಹೆಚ್ಚಾಗಿ ಸುತ್ತಿನ ಖರ್ಚು 25,450. ನಾಲ್ಕು ಕಡೆ ಹಂಚಿದರೆ ತಲಾ 6,400 ಅಷ್ಟೇ. ಈಗ 15,000 ಉಳಿಯುವ ಬಿಲ್ ಲಾಭದ ಬಿಲ್.

ದೊಡ್ಡ ಕೆಲಸವನ್ನು ಎರಡನೇ ದಿನಕ್ಕೆ ಇಟ್ಟಿರುವುದು ಸುಮ್ಮನೆ ಅಲ್ಲ. ಮೊದಲ ದಿನದ ಯಾವ ನಿಲುಗಡೆ ಎಳೆದರೂ ಹುಬ್ಬಳ್ಳಿಯ ಕೆಲಸ ಕೆಡುವುದಿಲ್ಲ. ಉಲ್ಟಾ ಮಾಡಿ ಮೊದಲು ಹುಬ್ಬಳ್ಳಿ ಮುಟ್ಟಿ, ಬರುವಾಗ ಉಳಿದವರನ್ನು ನೋಡೋಣ ಅಂದುಕೊಂಡರೆ ಸಂಜೆ ನಾಲ್ಕರ ನಂತರ ಒಬ್ಬೊಬ್ಬರನ್ನೇ ಬಿಡುತ್ತಾ ಬರುತ್ತೀರಿ.

ಇಂಥ ಸುತ್ತು ಹಾಳಾಗುವುದು ಹೆಚ್ಚಾಗಿ ಸಣ್ಣ ವಿಷಯಗಳಿಗೆ. ಬೆಲ್ಟಿನ ಸೈಜ್ ಬೇರೆ, ಸೆಪರೇಟರ್ ಬೇರೆ ಮಾಡೆಲಿನದು, ಅಷ್ಟಕ್ಕೇ ಇನ್ನೊಂದು ಸಲ 400 ಕಿ.ಮೀ. ಹೊರಡುವ ಮೂರು ದಿನ ಮೊದಲು ಗಿರಾಕಿಯಿಂದ ಯಂತ್ರದ ನೇಮ್‌ಪ್ಲೇಟ್ ಫೋಟೊ, ಅವರ್ ಮೀಟರಿನ (ಯಂತ್ರ ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಮೀಟರು) ಫೋಟೊ, ಯಂತ್ರ ಓಡುವಾಗಿನ ಒಂದು ನಿಮಿಷದ ವಿಡಿಯೊ ತರಿಸಿಕೊಳ್ಳಿ. ಬೆಲ್ಟ್ ಮೇಲೆ ಬರೆದ ನಂಬರನ್ನು ಓದಿ ಹೇಳಲು ಹೇಳಬೇಡಿ, ಫೋಟೊನೇ ಬೇಕು ಅನ್ನಿ. ಗ್ರೀಸು ಮೆತ್ತಿದ ಬಿ-52 ಎಷ್ಟೋ ಸಲ ಬಿ-62 ಆಗಿರುತ್ತದೆ. ಅಂದು ಕೆಲಸಕ್ಕಾಗಿ ಯಂತ್ರ ನಿಲ್ಲಿಸಿ ಕೊಡುತ್ತಾರೆಯೇ, ಹುಬ್ಬಳ್ಳಿಯಲ್ಲಾದರೆ ಹೆಸ್ಕಾಂ, ದಾವಣಗೆರೆ–ಚಿತ್ರದುರ್ಗದಲ್ಲಾದರೆ ಬೆಸ್ಕಾಂ ಅಂದು ಕರೆಂಟ್ ತೆಗೆಯುವ ಪ್ರಕಟಣೆ ಕೊಟ್ಟಿದೆಯೇ, ಇವೆರಡನ್ನೂ ಕೇಳಿ. ಕರೆಂಟಿಲ್ಲದೆ ಟೆಸ್ಟ್ ರನ್ ಆಗುವುದಿಲ್ಲ, ಟೆಸ್ಟ್ ರನ್ ನೋಡದೆ ಗಿರಾಕಿ ಸಹಿ ಹಾಕುವುದಿಲ್ಲ.

ಕಾರೇ ಬೇಕೆ?

ಒಬ್ಬನೇ ಗಿರಾಕಿ, ಒಂದು ಬ್ಯಾಗ್ ಟೂಲ್ಸ್ ಎಂದರೆ ರಾತ್ರಿಯ ಸ್ಲೀಪರ್ ಬಸ್ಸನ್ನು ಮೀರಿಸುವ ದಾರಿ ಇಲ್ಲ. ಎರಡು ಕಡೆಯ ಟಿಕೆಟ್, ಆಟೊ, ಊಟ ಸೇರಿ ನಾಲ್ಕು ಸಾವಿರದ ಆಸುಪಾಸು, ಕೆಲಸದ ಗಂಟೆ ಹೆಚ್ಚೇನೂ ಹಾಳಾಗುವುದಿಲ್ಲ, ಲಾಡ್ಜೂ ಬೇಡ. ರೈಲೇ ಬೇಕೆಂದರೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಕೂಡ ರಾತ್ರಿಯದೇ. ಸತತ ಎರಡು ರಾತ್ರಿ ಪ್ರಯಾಣ ಮಾಡಿ ಮೂರನೇ ದಿನ ದೊಡ್ಡ ಕೆಲಸ ಇಟ್ಟುಕೊಳ್ಳಬೇಡಿ, ಅಷ್ಟೇ. ಭಾರದ ಸಾಮಾನನ್ನು ಎರಡು ದಿನ ಮೊದಲೇ ವಿಆರ್‌ಎಲ್ ಅಥವಾ ಕೆಎಸ್‌ಆರ್‌ಟಿಸಿಯ ‘ನಮ್ಮ ಕಾರ್ಗೋ’ದಲ್ಲಿ ಗಿರಾಕಿಯ ಹೆಸರಿಗೆ ಹಾಕಿಬಿಡಬಹುದು.

ಬೆಂಗಳೂರು–ಧಾರವಾಡ ವಂದೇ ಭಾರತ್ 2023ರ ಜೂನ್ 27ರಿಂದ ಇದೆ. ಲ್ಯಾಪ್‌ಟಾಪ್ ತೆರೆದು ಕೊಟೇಶನ್ ಮಾಡಿಕೊಂಡು ಹೋಗಲು ಒಳ್ಳೆಯದು. ಅದು ಮಧ್ಯಾಹ್ನ ಒಂದರ ಸುಮಾರಿಗೆ ಧಾರವಾಡದಿಂದ ಮರಳಿ ಹೊರಡುವುದರಿಂದ, ಅದೇ ದಿನ ಅದೇ ರೈಲಿನಲ್ಲಿ ವಾಪಸಾಗುವ ಯೋಜನೆಯಲ್ಲಿ ಕೈಗೆ ಸಿಗುವುದು ಒಂದೆರಡು ಗಂಟೆ. ಒಂದು ಮೀಟಿಂಗಿಗೆ ಸಾಕು, ಸರ್ವಿಸ್‌ಗೆ ಸಾಲದು.

ಕಾರು ಗೆಲ್ಲುವುದು ಮೂರು ಕಡೆ: ದಾರಿಯಲ್ಲಿ ಮೂರು ಅಥವಾ ಹೆಚ್ಚು ನಿಲುಗಡೆ ಇದ್ದಾಗ, ಎರಡು ಮೂರು ಜನ ಒಟ್ಟಿಗೆ ಹೊರಟಾಗ, ಇಂದೇ ಬರಲೇಬೇಕೆಂಬ ಬ್ರೇಕ್‌ಡೌನ್ ಕಾಲ್ ಬಂದಾಗ. ಆಗಲೂ ಸ್ಟಿಯರಿಂಗ್ ನೀವೇ ಹಿಡಿಯಬೇಕೆಂದಿಲ್ಲ. ದಿನಗೂಲಿಯ ಡ್ರೈವರ್‌ಗೆ ಎರಡು ದಿನದ ಸಂಬಳ, ಬಾಟಾ, ತಂಗುವುದು ಸೇರಿ 3,500 ಹಿಡಿಯಿರಿ. 15 ಗಂಟೆಯಲ್ಲಿ ಆರು ಗಂಟೆ ಫೋನು, ಬಿಲ್ಲು, ಫಾಲೋಅಪ್‌ಗೆ ಸಿಕ್ಕರೂ 4,800 ಉಳಿಯಿತು, ಉಳಿದ ಹೊತ್ತು ನಿದ್ದೆ. ಡ್ರೈವರ್ ಇಡುವುದು ದೊಡ್ಡಸ್ತಿಕೆ ಎಂದು ಹಿಂಜರಿಯುವವರೇ ಹೆಚ್ಚು, ಲೆಕ್ಕ ಬೇರೆಯದನ್ನೇ ಹೇಳುತ್ತದೆ.

ವಿಸಿಟಿಂಗ್ ಚಾರ್ಜ್ ಕೇಳುವುದು

‘ಬಂದು ಹೋಗೋ ಖರ್ಚು ನೀವೇ ನೋಡ್ಕೊಳಿ ಸರ್’ ಅನ್ನುವ ಗಿರಾಕಿ ಮುಂದೆ ಮಾತಿನಲ್ಲಿ ಗೆಲ್ಲಲಾಗುವುದಿಲ್ಲ. ಕೊಟೇಶನ್‌ನಲ್ಲೇ ಎರಡು ದರ ಬರೆದುಬಿಡಿ: ಲೈನ್ ದಿನ ಬಂದರೆ ಇಷ್ಟು, ಕರೆದ ದಿನವೇ ಬೇಕೆಂದರೆ ಇಷ್ಟು. ಈ ಉದಾಹರಣೆಯಲ್ಲಿ 6,500 ಮತ್ತು 18,000 ಇಟ್ಟರೆ ಹೆಚ್ಚಿನವರು ಲೈನ್ ದಿನಕ್ಕೇ ಬರುತ್ತಾರೆ, ನಿಮಗೆ ಬೇಕಾದದ್ದೂ ಅದೇ. ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಇದ್ದರೆ ವರ್ಷಕ್ಕೆ ಎಷ್ಟು ಭೇಟಿ ಉಚಿತ, ಆಮೇಲೆ ಎಷ್ಟು ಎಂದು ಮೊದಲೇ ನಮೂದಿಸಿ. ಪ್ರಯಾಣ ವೆಚ್ಚವನ್ನು ಬೇರೆ ಸಾಲಿನಲ್ಲಿ ತೋರಿಸಿದರೂ ಅದು ಸೇವೆಯ ಮೌಲ್ಯದಲ್ಲೇ ಸೇರುತ್ತದೆ, ಸರ್ವಿಸ್‌ಗೆ ಹಾಕಿದ ಜಿಎಸ್‌ಟಿಯೇ ಅದಕ್ಕೂ. ಟೋಲ್ ರಸೀದಿ ಲಗತ್ತಿಸಿ ತೆರಿಗೆ ಇಲ್ಲದೆ ವಸೂಲಿ ಮಾಡುವ ರೂಢಿ ಆಡಿಟ್‌ನಲ್ಲಿ ನಿಲ್ಲುವುದಿಲ್ಲ.

ಕಾಗದ ಪತ್ರ

ಖಾಸಗಿ ಕಾರಿನ ವಿಮೆ ಪಾಲಿಸಿಯಲ್ಲಿ ‘ಬಳಕೆಯ ಮಿತಿ’ ಎಂಬ ಭಾಗ ಓದಿ. ಬಾಡಿಗೆಗೆ ಓಡಿಸುವಂತಿಲ್ಲ, ಸ್ಯಾಂಪಲ್ ಮತ್ತು ಸ್ವಂತ ಲಗೇಜ್ ಬಿಟ್ಟು ಸರಕು ಸಾಗಿಸುವಂತಿಲ್ಲ ಎಂದು ಅಲ್ಲಿರುತ್ತದೆ. ಡಿಕ್ಕಿಯಲ್ಲಿ ಮಾರಾಟದ ಯಂತ್ರ ಹಾಕಿಕೊಂಡು ಹೋಗುವಾಗ ಅಪಘಾತವಾದರೆ ಕ್ಲೇಮ್ ತಕರಾರಿಗೆ ಬೀಳಬಹುದು. ಸರಕನ್ನು ಟ್ರಾನ್ಸ್‌ಪೋರ್ಟಿನಲ್ಲಿ ಕಳಿಸಿ, ಇಲ್ಲವೇ ಹಳದಿ ಬೋರ್ಡಿನ ಗೂಡ್ಸ್ ಗಾಡಿ ಬಳಸಿ. 50,000 ರೂ. ಮೀರಿದ ಸರಕಿಗೆ ಸ್ವಂತ ಗಾಡಿಯಾದರೂ ಇ-ವೇ ಬಿಲ್ (ಸರಕು ಸಾಗಿಸಲು ಆನ್‌ಲೈನ್‌ನಲ್ಲಿ ಪಡೆಯುವ ಜಿಎಸ್‌ಟಿ ದಾಖಲೆ) ಬೇಕು, 200 ಕಿ.ಮೀ.ಗೆ ಒಂದು ದಿನದ ಲೆಕ್ಕದಲ್ಲಿ ಅದರ ಅವಧಿ. ಡೆಮೊ ಯಂತ್ರಕ್ಕೆ ಇನ್‌ವಾಯ್ಸ್ ಇಲ್ಲದಿದ್ದರೆ ಡೆಲಿವರಿ ಚಲನ್ ಇರಲಿ.

ಇನ್ನೊಂದು ಸಂಗತಿ ತಡವಾಗಿ ಗೊತ್ತಾಗುವಂಥದ್ದು. 15 ಲಕ್ಷದ ಓನರ್–ಡ್ರೈವರ್ ಅಪಘಾತ ವಿಮೆ ಆರ್‌ಸಿಯಲ್ಲಿ ಹೆಸರಿರುವ ವ್ಯಕ್ತಿಗೆ. ಕಾರು ಪ್ರೈವೇಟ್ ಲಿಮಿಟೆಡ್ ಕಂಪನಿಯ ಹೆಸರಿನಲ್ಲಿದ್ದರೆ ಅದು ನಿಮಗೆ ಸಿಗುವುದಿಲ್ಲ. ಬೇರೆ ಅಪಘಾತ ವಿಮೆ ತೆಗೆದುಕೊಳ್ಳಬೇಕು. ಸಂಬಳದ ಡ್ರೈವರ್ ಇದ್ದರೆ ಅವರ ಹೊಣೆಯ ಹೆಚ್ಚುವರಿ ಕವರ್ ಸೇರಿಸಿ, ಪ್ರೀಮಿಯಂ ತೀರಾ ಕಡಿಮೆ.

ತೆರಿಗೆಯಲ್ಲಿ ಎಲ್ಲ ವಾಪಸ್ ಸಿಗುತ್ತದೆ ಅನ್ನುವ ಭ್ರಮೆ ಬೇಡ. ಪೆಟ್ರೋಲ್, ಡೀಸೆಲ್ ಜಿಎಸ್‌ಟಿಯ ಹೊರಗಿವೆ. ಸಾಮಾನ್ಯ ಉದ್ಯಮಕ್ಕೆ ಕಾರಿನ ಖರೀದಿ, ಅದರ ರಿಪೇರಿ, ವಿಮೆ ಯಾವುದಕ್ಕೂ ಇನ್‌ಪುಟ್ ಕ್ರೆಡಿಟ್ ಇಲ್ಲ, ಅಂದರೆ ಅಲ್ಲಿ ಕೊಟ್ಟ ಜಿಎಸ್‌ಟಿಯನ್ನು ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವಂತಿಲ್ಲ. ಗೂಡ್ಸ್ ಗಾಡಿಗೆ ಈ ತಡೆ ಇಲ್ಲ. ಹುಬ್ಬಳ್ಳಿಯ ಲಾಡ್ಜಿನ ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಹಾಕಿಸಿದರೆ ಕ್ರೆಡಿಟ್ ಸಿಗುತ್ತದೆ, ಅದೇ ಕೊಲ್ಹಾಪುರದಲ್ಲಿ ತಂಗಿದರೆ ಅದು ಮಹಾರಾಷ್ಟ್ರದ ತೆರಿಗೆ, ಕರ್ನಾಟಕದ ನೋಂದಣಿಗೆ ದಕ್ಕುವುದಿಲ್ಲ. ಆದಾಯ ತೆರಿಗೆಯಲ್ಲಿ ಕಾರಿಗೆ 15 ಶೇಕಡಾ ಸವಕಳಿ ಇದೆ, ಮನೆ ಬಳಕೆಯ ಪಾಲನ್ನು ಅಧಿಕಾರಿ ಕಳೆಯಬಹುದು. ವಹಿವಾಟಿನ 8 ಅಥವಾ 6 ಶೇಕಡಾ ಲಾಭ ಎಂದು ತೋರಿಸುವ ಅಂದಾಜು ಪದ್ಧತಿಯಲ್ಲಿದ್ದರಂತೂ ಡೀಸೆಲ್ ರಸೀದಿ ಕೂಡಿಟ್ಟು ತೆರಿಗೆಯಲ್ಲಿ ಒಂದು ರೂಪಾಯಿಯೂ ಉಳಿಯುವುದಿಲ್ಲ.

ದಾರಿಯ ಮೇಲೆ

ಬೆಳಿಗ್ಗೆ 5ರ ಹೊತ್ತಿಗೆ ಹೊರಟರೆ ನೆಲಮಂಗಲದ ಜಾಮ್ ಕಟ್ಟುವ ಮೊದಲೇ ದಾಟಬಹುದು. ಅದಕ್ಕಾಗಿ ಹಿಂದಿನ ರಾತ್ರಿ 9.30ಕ್ಕೆ ಮಲಗಿರಬೇಕು. ರಾತ್ರಿ 12ರವರೆಗೆ ಪ್ಯಾಕಿಂಗ್ ಮಾಡಿ 4ಕ್ಕೆ ಏಳುವುದಾದರೆ ಹೊರಡಬೇಡಿ. ದೇಹ ತಾನಾಗಿ ನಿದ್ದೆಗೆ ಎಳೆಯುವುದು ನಸುಕಿನ 2ರಿಂದ 5 ಮತ್ತು ಮಧ್ಯಾಹ್ನ 2ರಿಂದ 4ರ ನಡುವೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ನಾಲ್ಕು ಸೆಕೆಂಡ್ ಕಣ್ಣು ಮುಚ್ಚಿದರೆ ಗಾಡಿ 110 ಮೀಟರ್ ಹೋಗಿರುತ್ತದೆ. ಎರಡು ಗಂಟೆಗೊಮ್ಮೆ ಇಳಿದು ಹತ್ತು ನಿಮಿಷ ನಡೆಯಿರಿ. ಊಟದ ಮೇಲೆ ತೂಕಡಿಕೆ ಬಂದರೆ ಕಾಫಿ ಕುಡಿದು, ಬಂಕ್‌ನಂಥ ಜಾಗದಲ್ಲಿ ನಿಲ್ಲಿಸಿ 20 ನಿಮಿಷ ಮಲಗಿ. ಹೆದ್ದಾರಿಯ ಅಂಚಿನಲ್ಲಿ ಬೇಡ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ವೃತ್ತಿ ಚಾಲಕರಿಗೆ ದಿನಕ್ಕೆ 8 ಗಂಟೆ, ಐದು ಗಂಟೆಗೆ ಅರ್ಧ ಗಂಟೆ ವಿಶ್ರಾಂತಿ ಎಂಬ ಮಿತಿ ಇಟ್ಟಿತ್ತು. ಸ್ವಂತ ಗಾಡಿ ಓಡಿಸುವ ಮಾಲೀಕನಿಗೆ ಆ ಮಿತಿಯನ್ನು ಹೇಳುವವರೇ ಇಲ್ಲ. ಮೇಲಿನ ಮಾದರಿಯಲ್ಲಿ ಹುಬ್ಬಳ್ಳಿ ತಲುಪುವಷ್ಟರಲ್ಲಿ ಏಳೂವರೆ ಗಂಟೆ ಡ್ರೈವಿಂಗ್ ಜೊತೆಗೆ ಐದು ಗಂಟೆ ಕೆಲಸವೂ ಆಗಿರುತ್ತದೆ. ಇದಕ್ಕಿಂತ ಹೆಚ್ಚು ತುರುಕಬೇಡಿ.

ಕತ್ತಲಲ್ಲಿ ಈ ದಾರಿಯ ಅಪಾಯ ಎದುರಿನ ಗಾಡಿಗಿಂತ ಹೆಚ್ಚಾಗಿ ನಿಂತ ಗಾಡಿಯದು: ಲೈಟಿಲ್ಲದೆ ಅಂಚಿಗೆ ನಿಲ್ಲಿಸಿದ ಲಾರಿ, ರಿಫ್ಲೆಕ್ಟರ್ ಇಲ್ಲದ ಟ್ರಾಕ್ಟರ್ ಟ್ರೇಲರ್. ವಾಪಸ್ ಬರುವಾಗ ರಾತ್ರಿ 9 ದಾಟುವಂತಿದ್ದರೆ ತುಮಕೂರಿಗೆ ಮೊದಲೇ ತಂಗುವುದು ಲೇಸು. 90ರ ಬದಲು 120ರಲ್ಲಿ ಹೋದರೆ ಗಾಳಿಯ ಪ್ರತಿರೋಧ ಸುಮಾರು 1.8 ಪಟ್ಟಾಗುತ್ತದೆ. ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ ಕೇಂದ್ರ ಹಾಕಿದ ಗರಿಷ್ಠ ಮಿತಿಯೇ 100. ಉಳಿಯುವ ಹೊತ್ತನ್ನು ಡೀಸೆಲ್ಲೂ ದಂಡವೂ ಸೇರಿ ನುಂಗುತ್ತವೆ.

ಟೈರ್ ಗಾಳಿಯನ್ನು ಹೊರಡುವ ಮೊದಲು, ಟೈರ್ ತಣ್ಣಗಿದ್ದಾಗ ನೋಡಿ. ಡ್ರೈವರ್ ಬಾಗಿಲ ಪಕ್ಕದ ಸ್ಟಿಕ್ಕರಿನಲ್ಲಿ ಖಾಲಿ ಗಾಡಿಗೆ ಒಂದು, ಪೂರ್ತಿ ಭಾರಕ್ಕೆ ಇನ್ನೊಂದು ಅಂಕಿ ಇರುತ್ತದೆ. ಟೂಲ್ಸ್ ತುಂಬಿದ್ದರೆ ಎರಡನೆಯದನ್ನು ಹಿಡಿಯಿರಿ. ಟೈರ್ ಬರ್ಸ್ಟ್ ಆಗುವುದು ಗಾಳಿ ಹೆಚ್ಚಾಗಿ ಎಂಬ ನಂಬಿಕೆ ಬಲವಾಗಿದೆ, ಆದರೆ ಹೆಚ್ಚಿನ ಸಲ ಕಾರಣ ಕಡಿಮೆ ಗಾಳಿ. ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಸಿಯಾಗಿ ಹರಿಯುತ್ತದೆ. ದಾರಿಯಲ್ಲಿ ಬಿಸಿ ಟೈರಿನ ಒತ್ತಡ ಮೂರ್ನಾಲ್ಕು ಪಿಎಸ್‌ಐ ಹೆಚ್ಚು ತೋರಿಸಿದರೆ ಗಾಳಿ ಬಿಡಬೇಡಿ, ಅದು ಸಹಜ. ಟೈರಿನ ಬದಿಯ ನಾಲ್ಕು ಅಂಕಿಯನ್ನೂ ನೋಡಿ: 2321 ಎಂದರೆ 2021ರ 23ನೇ ವಾರದ ತಯಾರಿ. ಸ್ಟೆಪ್ನಿಯದನ್ನಂತೂ ತಪ್ಪದೆ ನೋಡಿ. ಹೆದ್ದಾರಿಯಲ್ಲಿ ಗಾಡಿ ನಿಂತರೆ 1033ಕ್ಕೆ ಫೋನ್ ಮಾಡಿ.

ಪುಸ್ತಕ ಇಡಿ

ಡ್ಯಾಶ್‌ಬೋರ್ಡಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಸಾಕು. ದಿನಾಂಕ, ಹೊರಟಾಗಿನ ಮತ್ತು ಬಂದಾಗಿನ ಓಡೋಮೀಟರ್, ಯಾರ ಹತ್ತಿರ ಯಾವ ಕೆಲಸಕ್ಕೆ, ಸ್ಟಿಯರಿಂಗ್ ಹಿಡಿದ ಗಂಟೆ, ಬಿಲ್ ಮಾಡಿದ ಗಂಟೆ, ಫಾಸ್ಟ್ಯಾಗ್ ಕಟ್ ಆದ ಮೊತ್ತ. ತೆರಿಗೆ ಅಧಿಕಾರಿಗೆ ವ್ಯಾಪಾರದ ಓಡಾಟ ತೋರಿಸಲೂ ಇದೇ ಆಧಾರ. ಕೊನೆಯ ಕಾಲಂ ಮಾತ್ರ ಖಾಲಿ ಬಿಡಿ: ದುಡ್ಡು ಬಂದ ದಿನಾಂಕ. ಮೂರು ತಿಂಗಳಿಗೊಮ್ಮೆ ಪ್ರತಿ ಸುತ್ತಿನ ಲಾಭವನ್ನು (ನಿಮ್ಮ ಗಂಟೆಯ ಬೆಲೆ ಕಳೆಯದೆ) ಒಟ್ಟು ಗಂಟೆಯಿಂದ, ಅಂದರೆ ದಾರಿಯ ಗಂಟೆಯೂ ಸೇರಿ, ಭಾಗಿಸಿ. ಯಾವ ಗಿರಾಕಿಯ ಅಂಕಿ ಸತತ ಎರಡು ತ್ರೈಮಾಸಿಕ 800ಕ್ಕಿಂತ ಕೆಳಗಿದೆಯೋ ಅವರಿಗೆ ಮುಂದಿನ ಎಎಂಸಿ ನವೀಕರಣದಲ್ಲಿ ಹೊಸ ದರ ಕಳಿಸಿ. ಒಪ್ಪದಿದ್ದರೆ ಹುಬ್ಬಳ್ಳಿಯಲ್ಲೇ ಇರುವ ಒಬ್ಬ ಮೆಕ್ಯಾನಿಕ್‌ಗೆ ಕೆಲಸ ವಹಿಸಿ, ಬಿಡಿಭಾಗಗಳನ್ನು ನೀವು ಪೂರೈಸಿ. ಬಿಡಿಭಾಗದ ಮೇಲಿನ ಲಾಭ ಹಾಗೇ ಉಳಿಯುತ್ತದೆ, ಮೆಕ್ಯಾನಿಕ್‌ನ ಕೂಲಿ ನಿಮ್ಮ ಪ್ರಯಾಣದ ಖರ್ಚಿಗಿಂತ ಹೇಗೂ ಕಡಿಮೆ.